ಐವತ್ತರ ಮೇಲಿನವರು ಚೆಂಡು ಹಿಡಿಯುವ ಹಾಗಿಲ್ಲ

ನಿಯಮದ ಪುಸ್ತಕ ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ, ಇದೊಂದು ಚಟ. ಹೊಸ ಕುಕ್ಕರಿನ ಜೊತೆ ಬರುವ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದಿ ಮುಗಿಸದೆ ಅಕ್ಕಿ ತೊಳೆಯಲು ಬಿಡುವವನಲ್ಲ ನಾನು. ಆರ್ಥಿಕ ಹಿಂಜರಿತದ ವರ್ಷ ವಾರೆನ್ ಊರಿನ ನನ್ನ ಆಫೀಸು ನನ್ನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿತು. ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನ ಮನೆಯಲ್ಲಿ ಕೂತು ಬೆಳಿಗ್ಗೆಯೆಲ್ಲ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ, ಮಧ್ಯಾಹ್ನವೆಲ್ಲ ಅಮೆರಿಕನ್ ಫುಟ್‌ಬಾಲಿನ ನಿಯಮ ಓದುತ್ತಿದ್ದೆ. ಅರ್ಜಿಗಳಿಗೆ ಉತ್ತರ ಬರಲಿಲ್ಲ. ಆದರೆ ಡೆಟ್ರಾಯಿಟ್ ಮತ್ತು ಶಿಕಾಗೋ ಕನ್ನಡಿಗರ ಪಿಕ್ನಿಕ್ಕಿನ ಪಂದ್ಯಕ್ಕೆ ರೆಫರಿಯಾಗಿ ಎಂದು ಕರೆ ಬಂತು. ಕುಣಿದಾಡಿಬಿಟ್ಟೆ!

ಅಂಗಿಗಳ ಜವಾಬ್ದಾರಿ ಹೊತ್ತ ನನ್ನ ಹೆಂಡತಿ ಸುಮಾ ಎಲ್ಲರ ಅಂಗಿಗೂ ಅವರವರ ವಯಸ್ಸನ್ನೇ ನಂಬರಾಗಿ ಅಚ್ಚು ಹಾಕಿಸಿದ್ದಳು. “ಯಾರೂ ಜಗಳ ಆಡಲ್ಲ, ಯಾರಿಗೂ ಮರೆಯೋದೂ ಇಲ್ಲ” ಎಂಬುದು ಅವಳ ವಾದ. ನಾನು ಓಡಿ ಹೋಗಿ ಪುಸ್ತಕ ತೆರೆದೆ. ನಾನು ಓದಿದ ನಿಯಮದ ಪ್ರಕಾರ ಐವತ್ತರಿಂದ ಎಪ್ಪತ್ತೊಂಬತ್ತರವರೆಗಿನ ನಂಬರಿನವರು ಎದುರಾಳಿಯನ್ನು ತಳ್ಳುತ್ತ ನಿಲ್ಲಬೇಕೇ ಹೊರತು, ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಾಗಿಲ್ಲ. ಹಿಡಿಯಲೇಬೇಕೆಂದರೆ ಮೊದಲೇ ರೆಫರಿಯ ಹತ್ತಿರ ಬಂದು ‘ನಾನು ಅರ್ಹ’ ಎಂದು ಹೇಳಿರಬೇಕು. ಅಂದರೆ ನಮ್ಮ ಅರ್ಧಕ್ಕರ್ಧ ಅಂಕಲ್‌ಗಳು ಹುಟ್ಟಿದ ತಾರೀಕಿನಿಂದಲೇ ಅನರ್ಹರು.

ಕೊನೆಯ ನಿಮಿಷದವರೆಗೂ ದೇವರು ಕಾಪಾಡಿದ. ಯಾವ ಅಂಕಲ್ ಕೈಗೂ ಚೆಂಡು ಸಿಗಲಿಲ್ಲ. ಆಗ ಶಿಕಾಗೋದ ಪಾಟೀಲರು, ನಂಬರ್ ಐವತ್ಮೂರು, ಮುಂದಕ್ಕೆ ಎಸೆದ ಚೆಂಡನ್ನು ಹಿಡಿದು, ಹೊಟ್ಟೆಗೆ ಅವಚಿಕೊಂಡು ಓಡಿ ಗೆರೆ ದಾಟಿಯೇಬಿಟ್ಟರು. ಶಿಕಾಗೋದವರೆಲ್ಲ ಹುಚ್ಚೆದ್ದು ಕುಣಿದರು. ಈ ಪಾಟೀಲರ ಮೇಜಿನ ಮೇಲೆಯೇ ನನ್ನ ಅರ್ಜಿ ಮೂರು ವಾರದಿಂದ ಕೂತಿತ್ತು! ಸುಮಾ ಓಡಿ ಬಂದು, “ರೀ, ದಮ್ಮಯ್ಯ, ಇವತ್ತೊಂದಿನ ಸುಮ್ನಿದ್ಬಿಡಿ” ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ತಪ್ಪು ಸಾರುವ ನನ್ನ ಹಳದಿ ಬಟ್ಟೆ ನೆಲಕ್ಕೆ ಬಿದ್ದಾಗಿತ್ತು.

“ಪಾಯಿಂಟ್ ಇಲ್ಲ ಸರ್. ಐವತ್ತರ ಮೇಲಿನವರು ಹಿಡಿಯೋ ಹಾಗಿಲ್ಲ.”

“ಯಾಕ್ರೀ? ನಮ್ಮ ಕೈ ಬಿದ್ದು ಹೋಗ್ಯಾವೇನು?” ಎಂದರು ಪಾಟೀಲರು.

ಪುಟಸಂಖ್ಯೆ ಸಮೇತ ವಿವರಿಸಿದೆ. ಕೆಲಸ ಹೋದಮೇಲೆ ಅಷ್ಟು ಉತ್ಸಾಹದಿಂದ ನಾನು ಮಾತಾಡಿದ್ದು ಅದೇ ಮೊದಲು. ಪಾಟೀಲರು ಪೂರ್ತಿ ಕೇಳಿ, “ನಿಮ್ಮ ಅಂಗಿಗೆ ನಂಬರ್ ಇಲ್ಲಲ್ರೀ. ನಿಮ್ದೆಷ್ಟು?” ಎಂದರು. ವಯಸ್ಸು ಗೊತ್ತಾಗದಿರಲೆಂದು ಅರ್ಜಿಯಲ್ಲಿ ಡಿಗ್ರಿ ಮುಗಿಸಿದ ವರ್ಷವನ್ನೇ ಅಳಿಸಿದ್ದ ಭೂಪ ನಾನು. ಆದರೆ ಕೊರಳಲ್ಲಿ ಸೀಟಿ ಇದ್ದಾಗ ಸುಳ್ಳು ಹೇಗೆ ಹೇಳಲಿ? “ಐವತ್ತೆರಡು” ಎಂದುಬಿಟ್ಟೆ. ಸುಮಾ ಹಣೆ ಚಚ್ಚಿಕೊಂಡಳು.

“ಹಂಗಾದ್ರ ನೀವೂ ಮೊದ್ಲ ಬಂದು ಹೇಳ್ಬೇಕಿತ್ತಲ್ರೀ, ನಾನು ಅರ್ಹ ಅಂತ!” ಪಾಟೀಲರು ಗಹಗಹಿಸಿ ನಕ್ಕರು. “ಸೋಮವಾರ ಎಂಟಕ್ಕ ಫೋನ್ ಹಚ್ರಿ.”

ಸೋಮವಾರ ಸ್ನಾನ ಮಾಡಿ, ಟೈ ಕಟ್ಟಿ, ಗಡಿಯಾರದ ಮುಳ್ಳು ಎಂಟಕ್ಕೆ ಬಂದ ಕ್ಷಣವೇ ಫೋನ್ ಮಾಡಿದೆ. ಶಿಕಾಗೋ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ ಎಂಬುದು ಆ ಸಂಭ್ರಮದಲ್ಲಿ ಎಲ್ಲಿ ನೆನಪಿರಬೇಕು? ನಿದ್ದೆಗಣ್ಣಿನ ಪಾಟೀಲರ ದನಿ ಕೇಳಿಸಿತು: “ಸಾಹೇಬ್ರ, ಇಲ್ಲಿನ್ನೂ ಏಳು ಗಂಟೆರೀ. ಆಟ ಶುರು ಆಗೂಕಿಂತ ಮೊದ್ಲ ಓಡಿ ಬಂದ್ರ ಅದಕ್ಕೇನೂ ರೂಲ್ ಇಲ್ಲೇನು?”

ಕ್ಷಮೆ ಕೇಳಿ ಫೋನ್ ಇಡಬೇಕಿತ್ತು. ನಾನು ಎದ್ದು ನಿಂತು ಹೇಳಿದೆ: “ಇದೆ ಸರ್. ದಂಡ, ಐದು ಗಜ ಹಿಂದಕ್ಕೆ.”