ಸಾವ್ಕಾರ್ರು ಡ್ರೈವರ್ ಬದಲಿಸಿದ್ದು

ನಮ್ಮ ಮನೆ ಮಾಲೀಕರು ಲ್ಯಾಪ್‌ಟಾಪನ್ನು ಮಗುವಿನಂತೆ ನೋಡಿಕೊಳ್ಳುತ್ತಾರೆ. ಮುದ್ದು ಮಾಡುತ್ತಾರೆ ಎಂದುಕೊಳ್ಳಬೇಡಿ. ಕಂಕುಳಲ್ಲಿ ಎತ್ತಿಕೊಂಡು ಮನೆ ತುಂಬ ತಿರುಗದಿದ್ದರೆ ಅದು ಏನನ್ನೂ ನುಂಗುವುದಿಲ್ಲ! ತಾಯಂದಿರು ಚಂದಮಾಮನನ್ನು ತೋರಿಸಿ ತುತ್ತು ಉಣಿಸಿದರೆ, ಇವರು ಗೋಡೆಯ ಮೇಲಿನ ವೈಫೈ ಡಬ್ಬಿ ತೋರಿಸಿ ಇಂಟರ್‌ನೆಟ್ ಉಣಿಸುತ್ತಾರೆ.

ಮಂಡಿಪೇಟೆಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಇವರು ಆನೆಕೊಂಡದ ನಮ್ಮ ಬೀದಿಗೆಲ್ಲ ‘ಸಾವ್ಕಾರ್ರು’. ನಾನು ಅವರ ಮಹಡಿ ಮೇಲಿನ ಬಾಡಿಗೆದಾರ, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. ಒಮ್ಮೆ ಅವರ ಫೋನಿನ ಅಕ್ಷರ ದೊಡ್ಡದು ಮಾಡಿಕೊಟ್ಟೆ ನೋಡಿ, ಅಂದಿನಿಂದ ಅವರ ಪಾಲಿಗೆ ನಾನೇ ಎಂಜಿನಿಯರ್. ಅಲ್ಲ ಎಂದರೆ ಕೇಳುತ್ತಾರೆಯೇ?

ಆ ಭಾನುವಾರ ನಾನು ಇನ್ನೂ ಹಲ್ಲುಜ್ಜುತ್ತಿದ್ದೆ. ಕೆಳಗಿನಿಂದ ಕೂಗು ಬಂತು.

"ಮೇಷ್ಟ್ರೇ, ಬೇಗ ಬರ್ರಿ! ವಿಡಿಯೊದಾಗೆ ಮತ್ತೆ ಆ ದರಿದ್ರ ಚಕ್ರ ತಿರುಗ್ತಾ ಐತೆ!"

ಇಳಿದು ಹೋದರೆ ವೈಫೈ ಡಬ್ಬಿ ಗೋಡೆಯ ಮೇಲಿಲ್ಲ. ಅಡುಗೆಮನೆಯಲ್ಲಿ ಮಂಡಕ್ಕಿ ಡಬ್ಬದ ಮೇಲೆ ಕೂತಿದೆ! ಅವರ ಹೆಂಡತಿ ಸೌಟು ಹಿಡಿದು ನಿಂತಿದ್ದಾರೆ.

"ನೋಡ್ರಿ ಮೇಷ್ಟ್ರೇ, ನಿನ್ನೆ ದೇವರ ಗೂಡಿನಾಗೆ ಇಟ್ಟಿದ್ರು. ಇವತ್ತು ಇಲ್ಲಿ. ನಾಳೆ ನನ್ನ ತಲೆ ಮ್ಯಾಲೆ ಇಡ್ತಾರೆ."

"ಸ್ಪೀಡ್ ಬರಂಗಿದ್ರೆ ಇಟ್ಟೇ ಇಡ್ತೀನಿ, ಅಲ್ಲಾಡಬ್ಯಾಡ" ಎಂದರು ಸಾವ್ಕಾರ್ರು.

ಸಿಗ್ನಲ್ಲನ್ನು ಯಾರೋ ಕದಿಯುತ್ತಿದ್ದಾರೆ ಎಂಬುದು ಅವರ ಮುಂದಿನ ಅನುಮಾನ. ಎದುರು ಮನೆಯವರ ಮೇಲೆ ಶುರುವಾದ ಅನುಮಾನ ಮೆಟ್ಟಿಲು ಹತ್ತಿ ನನ್ನವರೆಗೂ ಬಂದಿತ್ತು. ಯಾರಿಗೂ ಊಹಿಸಲಾಗದ ಹೊಸ ಪಾಸ್‌ವರ್ಡ್ ಹಾಕಿದರು. ಅರ್ಧ ಗಂಟೆಯಲ್ಲಿ ಅವರಿಗೂ ಊಹಿಸಲಾಗಲಿಲ್ಲ! ಡಬ್ಬಿಯ ಬೆನ್ನಿನ ಗುಂಡಿ ಒತ್ತಿ ಎಲ್ಲವನ್ನೂ ಮೊದಲಿನಿಂದ ಹೊಂದಿಸಿಕೊಟ್ಟವನು ಇದೇ ಕಳ್ಳ.

ಲ್ಯಾಪ್‌ಟಾಪಿನ ಪಕ್ಕದಲ್ಲೇ ಅವರ ಫೋನಿಟ್ಟು ನೋಡಿದೆ. ಫೋನಿನಲ್ಲಿ ವಿಡಿಯೊ ನೀರಿನಂತೆ ಹರಿಯಿತು, ಲ್ಯಾಪ್‌ಟಾಪಿನಲ್ಲಿ ಜೋನಿಬೆಲ್ಲದಂತೆ ತೊಟ್ಟಿಕ್ಕಿತು. ಅಂದರೆ ತಪ್ಪು ಡಬ್ಬಿಯದ್ದಲ್ಲ, ಎದುರು ಮನೆಯವರದ್ದಂತೂ ಅಲ್ಲವೇ ಅಲ್ಲ.

"ಇದರ ಡ್ರೈವರ್ ಸರಿಯಿಲ್ಲ ಅನ್ಸುತ್ತೆ. ಬದಲಿಸಿ ನೋಡೋಣ" ಎಂದೆ.

"ತಗೀರಿ ಮತ್ತ! ಸೋಮಾರಿ ಡ್ರೈವರ್ ಇಟ್ಕೊಂಡು ಏನ್ ಮಾಡಾಣ? ಇವತ್ತೇ ತಗದು ಹೊಸದು ಹಾಕ್ರಿ!" ಸಾವ್ಕಾರ್ರ ದನಿ ಬೀದಿಗೆ ಕೇಳಿಸಿತು.

ಬೀದಿಯಲ್ಲಿ ಯಾರಿದ್ದರು? ಅಂಗಡಿಯ ಟೆಂಪೊ ಓಡಿಸುವ ಡ್ರೈವರ್! ಒಳಗೆ ಬಂದವನೇ ಕೀಲಿಯನ್ನು ಮೇಜಿನ ಮೇಲಿಟ್ಟ. ಕಣ್ಣು ತುಂಬಿ ಬಂದಿತ್ತು.

"ನಾನೇನು ತಪ್ಪು ಮಾಡಿದೆ ಸಾವ್ಕಾರ್ರೇ?"

"ಏ, ನಿನ್ನ ಯಾರ್ ತಗೀತಾರೋ! ಈ ಲ್ಯಾಪ್‌ಟಾಪಿನ ಒಳಗೊಂದು ಡ್ರೈವರ್ ಐತಂತೆ!"

ಅವನು ಬಗ್ಗಿ ಲ್ಯಾಪ್‌ಟಾಪನ್ನು ಎರಡೂ ಕಡೆಯಿಂದ ನೋಡಿದ. "ಇಷ್ಟು ಜಾಗದಾಗ ಅವನು ಹೆಂಗೆ ಕೂಡ್ತಾನ್ರೀ? ನಿಧಾನ ಆಗದೆ ಏನು ಮಾಡ್ತಾನೆ ಪಾಪ!" ಎಂದು ಕೀಲಿ ತೆಗೆದುಕೊಂಡು ಹೋದ.

ಲ್ಯಾಪ್‌ಟಾಪಿಗೂ ಅದರೊಳಗಿನ ವೈಫೈ ಕಾರ್ಡಿಗೂ ನಡುವೆ ಮಾತು ಸಾಗಿಸುವ ಪುಟ್ಟ ತಂತ್ರಾಂಶವೇ ಡ್ರೈವರ್ ಎಂದು ವಿವರಿಸಲು ಹೋದೆ. "ನಡುವಿನ ದಲ್ಲಾಳಿ ಅನ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ತೆರೆಯ ಮೇಲೆ ಡ್ರೈವರುಗಳ ಸಾಲೇ ಇತ್ತು. ಎಲ್ಲಕ್ಕಿಂತ ಹೊಸದನ್ನು ಹಾಕಿದೆ. ತೊಟ್ಟಿಕ್ಕುತ್ತಿದ್ದ ವೈಫೈ ಪೂರ್ತಿ ಮಾಯವಾಯಿತು! ಯಂತ್ರ ತಾನಾಗಿ ಆರಿಸಿಕೊಂಡದ್ದನ್ನು ಹಾಕಿದರೆ ಮತ್ತೆ ಜೋನಿಬೆಲ್ಲ. ಸಾವ್ಕಾರ್ರು ನನ್ನ ಬೆನ್ನ ಹಿಂದೆ ಶತಪಥ ಹಾಕುತ್ತಿದ್ದರು. ಕೂಡುವರು, ಏಳುವರು, ಗಡಿಯಾರ ನೋಡುವರು.

"ಸಂಜೆ ಒಳಗೆ ಆಗ್ತದಲ್ರೀ?"

"ಏನು ಅಷ್ಟು ಅರ್ಜೆಂಟು? ಫೋನಿದೆಯಲ್ಲ?"

ಗಡಿಯಾರ ನೋಡಿದರು. ಮತ್ತೆ ಶತಪಥ. ಕೊನೆಗೆ ನನ್ನ ಭುಜದ ಮೇಲಿಂದ ಬಗ್ಗಿ, "ಹೊಸ ಜೋಳದಾಗೆ ಹಸಿ ಜಾಸ್ತಿ ಇರ್ತತೆ ಮೇಷ್ಟ್ರೇ. ಸ್ವಲ್ಪ ಹಳೇದು ಹಾಕಿ ನೋಡ್ರಿ" ಎಂದರು. ಲ್ಯಾಪ್‌ಟಾಪ್ ಕಂಪನಿಯವರೇ ಕೊಟ್ಟಿದ್ದ ಹಳೆಯದೊಂದನ್ನು ಹಾಕಿ, ಯಂತ್ರವನ್ನು ಬಂದ್ ಮಾಡಿ ಮತ್ತೆ ಶುರುಮಾಡಿದೆ. ವಿಡಿಯೊ ಹರಿಯಿತು! ಸಾವ್ಕಾರ್ರು ನನ್ನ ಬೆನ್ನಿಗೆ ಕೊಟ್ಟ ಗುದ್ದು ಈಗಲೂ ನೋಯುತ್ತದೆ.

ಸಂಜೆ ಚಹಾಕ್ಕೆ ಕರೆದರು. ಹೋದಾಗ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ತೆರೆಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಕಾಣಿಸಿಕೊಂಡರು. ಬೀದಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯ ಒಂದೇ ಒಂದು ಮಾತೂ ಆಡಲಿಲ್ಲ. ಎರಡೂ ಕೈ ಎತ್ತಿದರು. ಬೆರಳು ಮಡಿಸಿದರು, ಬಿಡಿಸಿದರು, ಮೀಸೆ ತಿರುವಿದರು, ಗಲ್ಲ ಮುಟ್ಟಿಕೊಂಡರು. ಆ ಕಡೆಯಿಂದಲೂ ಕೈಗಳು ಸರಸರ ಉತ್ತರ ಕೊಟ್ಟವು.

ಚಹಾ ತಂದ ಅವರ ಹೆಂಡತಿ ಮೆಲ್ಲಗೆ ಹೇಳಿದರು:

"ಇವರ ಅಕ್ಕಾರು. ಹರಿಹರದಾಗೆ ಅದಾರೆ. ಹುಟ್ಟಿದಾಗಿಂದ ಕಿವಿ ಕೇಳಲ್ಲ, ಮಾತು ಬರಲ್ಲ. ಇದು ಸಣ್ಣೋರಿದ್ದಾಗ ಅಕ್ಕ ತಮ್ಮ ಮಾಡ್ಕೊಂಡ ಭಾಷೆ. ಫೋನಿನಾಗೆ ಇವರ ಕಣ್ಣಿಗೆ ಆಕೆ ಬೆರಳು ಕಾಣಲ್ಲ ನೋಡ್ರಿ. ಮೊನ್ನೆ ಇವರು ನಗ್ತಾ ಎದೆ ಮ್ಯಾಲೆ ಕೈ ಇಟ್ಕೊಂಡ್ರು, ಅಷ್ಟರಾಗೆ ಚಿತ್ರ ನಿಂತುಬಿಡ್ತು. ತಮ್ಮಂಗೇನೋ ಆತು ಅಂತ ಅಕ್ಕಾರು ಆಟೊ ಹತ್ತಿ ಬರಿಗಾಲಾಗೆ ಬಂದುಬಿಟ್ರು ಅಲ್ಲಿಂದ."

ನಾನು ಚಹಾದ ಲೋಟ ಕೆಳಗಿಟ್ಟೆ.

ಸಾವ್ಕಾರ್ರು ನನ್ನ ತೋಳು ಹಿಡಿದು ತೆರೆಯ ಮುಂದೆ ಎಳೆದರು. ಏನಾದರೂ ಹೇಳಬೇಕಲ್ಲ? ಚಹಾ ಆಯಿತೇ ಎಂದು ಕೇಳಲು ಲೋಟ ಎತ್ತುವಂತೆ ಕೈ ಮಾಡಿದೆ. ಅವರ ಭಾಷೆಯಲ್ಲಿ ಅದು ಏನೆಂದಾಯಿತೋ, ಸಾವ್ಕಾರ್ರು ಹಣೆ ಚಚ್ಚಿಕೊಂಡರು. ಆ ಕಡೆ ಅಕ್ಕಾರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಭುಜ ಕುಣಿಯಿತು, ಸೆರಗು ಜಾರಿತು. ಸದ್ದೇ ಇಲ್ಲದ ಆ ನಗು ಎಲ್ಲೂ ನಿಲ್ಲದೆ, ಹರಿಹರದಿಂದ ಪೂರ್ತಿಯಾಗಿ ನಮ್ಮನ್ನು ತಲುಪಿತು.