ಹದಿನಾಲ್ಕು ನಾಯಿ, ಒಂದು ಡ್ರೋನು, ಒಂದು ಏಣಿ

ಡ್ರೋನ್ ಹಾರಿಸುವವನಿಗೆ ಹದ್ದು, ಗಾಳಿ, ಕರೆಂಟಿನ ತಂತಿ ಕಾಟ ಕೊಟ್ಟರೆ ಅದಕ್ಕೊಂದು ಅರ್ಥವಿದೆ. ನನಗೆ ಮಾತ್ರ ಪ್ರತಿ ಸಲವೂ ನೆಲದ ಮೇಲಿರುವ ನಾಯಿಯೇ ಗಂಟುಬೀಳುತ್ತದೆ. ಯಾಕೆ ಎಂದು ಕೇಳಬೇಡಿ. ನನಗೆ ಗೊತ್ತಿದ್ದಿದ್ದರೆ ಇದಿಷ್ಟೂ ನಡೆಯುತ್ತಲೇ ಇರಲಿಲ್ಲ.

ಪೀಣ್ಯದ ಕಾರ್ಖಾನೆಗಳು, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳು, ಇವುಗಳ ಛಾವಣಿ ಎಲ್ಲಿ ಸೋರುತ್ತಿದೆ ಎಂದು ಫೋಟೋ ತೆಗೆದು ತೋರಿಸುವುದು ನನ್ನ ಕೆಲಸ. ಹದಿನೆಂಟು ವರ್ಷ ಏಣಿ ಹತ್ತಿ ತೆಗೆದೆ. ಏಣಿ ಎಂದರೆ ನನಗೆ ಜೀವಭಯ. ಐದನೇ ಮೆಟ್ಟಿಲಿಗೆ ಏಣಿಯನ್ನೇ ತಬ್ಬಿಕೊಳ್ಳುತ್ತೇನೆ, ಏಳನೆಯದಕ್ಕೆ ಮನೆದೇವರು ನೆನಪಾಗುತ್ತಾನೆ. ಹಾಗಾಗಿ ಎರಡು ವರ್ಷದ ಹಿಂದೆ ನಮ್ಮ ಯಜಮಾನರು ಡ್ರೋನ್ ತಂದಾಗ, ಅದಕ್ಕೆ ಕುಂಕುಮ ಇಟ್ಟು ಕೈ ಮುಗಿದವನು ಆಫೀಸಿನಲ್ಲಿ ನಾನೊಬ್ಬನೇ. ಯಜಮಾನರು ಅವತ್ತೇ ಹೇಳಿಬಿಟ್ಟರು: "ನೋಡಪ್ಪಾ, ಎರಡು ಸಲ ರಿಪೇರಿ ಮಾಡಿಸ್ತೀನಿ. ಮೂರನೇ ಸಲ ಕೆಟ್ಟೋಯ್ತೋ, ಡ್ರೋನು ಬೀರುಗೆ, ನೀನು ಏಣಿಗೆ."

೧. ನೈಟ್ ಡ್ಯೂಟಿ

ಡ್ರೋನ್ ಇಳಿಸಲು ಒಂದು ದುಂಡನೆಯ ಕಿತ್ತಳೆ ಬಣ್ಣದ ಚಾಪೆ ಇರುತ್ತದೆ. ಪೀಣ್ಯದಲ್ಲಿ ನಟ್ಟು-ಬೋಲ್ಟು ಮಾಡುವ ಒಂದು ಕಾರ್ಖಾನೆಯ ಅಂಗಳದಲ್ಲಿ ಅದನ್ನು ಹಾಸಿ ಡ್ರೋನ್ ಹಾರಿಸಿದೆ. ಛಾವಣಿಯ ಫೋಟೋ ಎಲ್ಲಾ ತೆಗೆದು, ಇನ್ನು ಇಳಿಸೋಣವೆಂದು ಕ್ಯಾಮೆರಾ ಕೆಳಗೆ ತಿರುಗಿಸಿದರೆ ಕಿತ್ತಳೆ ಬಣ್ಣವೇ ಇಲ್ಲ, ಕಂದು ಬಣ್ಣದ್ದೇನೋ ಕಾಣುತ್ತಿದೆ. ಪಕ್ಕದ ಕಾರ್ಖಾನೆಯ ಮೇಲೆ ಹಾರಿಸುತ್ತಿದ್ದೇನಾ ಎಂದು ಗಾಬರಿಯಾಯಿತು. ಪರದೆಯಿಂದ ತಲೆ ಎತ್ತಿ ನೋಡಿದರೆ, ನನ್ನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಚಾಪೆಯ ಮೇಲೆ ಒಂದು ನಾಯಿ ಸುರುಳಿ ಸುತ್ತಿ ಗಡದ್ದಾಗಿ ನಿದ್ದೆ ಮಾಡುತ್ತಿದೆ.

"ಎಬ್ಬಿಸಪ್ಪಾ ಅದನ್ನ," ಎಂದು ಸೆಕ್ಯುರಿಟಿಯವನಿಗೆ ಹೇಳಿದೆ.

"ಪಾಪ, ಮಲಗ್ಲಿ ಬಿಡಿ ಸಾರ್. ರಾತ್ರಿಯೆಲ್ಲಾ ಡ್ಯೂಟಿ ಮಾಡಿದೆ."

"ಅದು ನನ್ನ ಚಾಪೆ ಕಣಪ್ಪಾ!"

"ಜಾಗ ಅದರದ್ದು ಸಾರ್. ದಿನಾ ಇಲ್ಲೇ ಮಲಗೋದು. ಕಂಪನಿಯವರು ಕೊನೆಗೂ ಚಾಪೆ ಕೊಟ್ರು ಅಂದ್ಕೊಂಡಿರತ್ತೆ."

ಸರಿ, ಪಕ್ಕದಲ್ಲೇ ನೆಲದ ಮೇಲೆ ಇಳಿಸೋಣವೆಂದು ಹೊರಟೆ. ಎದ್ದ ಧೂಳು ಮೂಗಿಗೆ ಹೊಕ್ಕು ನಾಯಿ ಜೋರಾಗಿ ಸೀನಿತು. ಆ ಸೀನಿಗೆ ಬೆಚ್ಚಿಬಿದ್ದು ನಾನು ರಿಮೋಟಿನ ಕಡ್ಡಿಯನ್ನು ಎತ್ತ ತಳ್ಳಿದೆನೋ ಏನೋ, ಡ್ರೋನು ಹೋಗಿ ಕಾಂಪೌಂಡಿಗೆ ಬಡಿದು ಎರಡು ರೆಕ್ಕೆ ಮುರಿದುಕೊಂಡಿತು. ಮೊದಲನೇ ರಿಪೇರಿ. ನಾಯಿ ಮಗ್ಗುಲು ಬದಲಿಸಿ ಮತ್ತೆ ಮಲಗಿತು.

ನಾನು ಚೂರುಗಳನ್ನು ಆರಿಸುತ್ತಿದ್ದಾಗ ಸೆಕ್ಯುರಿಟಿಯವನು ಹತ್ತಿರ ಬಂದು ಪಿಸುದನಿಯಲ್ಲಿ ಹೇಳಿದ: "ಇನ್ನೊಂದ್ಸಲ ಬರೋದಾದ್ರೆ ಹನ್ನೊಂದರ ಮೇಲೆ ಬನ್ನಿ ಸಾರ್. ಅಷ್ಟೊತ್ತಿಗೆ ಅದು ಎದ್ದು ಟೀ ಕುಡಿದಿರತ್ತೆ."

೨. ಪರಿಚಯ

ಮುಂದಿನ ಸಲ ಬ್ರೂಕ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟು. ಕೆಟ್ಟ ಮೇಲೆ ಬುದ್ಧಿ ಬಂದಿತ್ತಲ್ಲ, ನಾಯಿ ಇದೆಯಾ ಎಂದು ಮೊದಲೇ ಕೇಳಿದೆ. ಹನ್ನೆರಡು ಇವೆ ಎಂದರು. ಅವು ಇಲ್ಲದ ಹೊತ್ತು ಹೇಳಿ ಎಂದೆ. ಒಂಬತ್ತಕ್ಕೆ ವಾಕಿಂಗು, ಹತ್ತಕ್ಕೆ ಸ್ನಾನ, ಹನ್ನೊಂದಕ್ಕೆ ನಿದ್ದೆ, ಆಗ ಸದ್ದು ಮಾಡಲೇಬಾರದು ಎಂದರು. ಹಾಗಾದರೆ ಹಾರಿಸುವುದು ಯಾವಾಗ ಎಂದಿದ್ದಕ್ಕೆ ಅಲ್ಲಿನ ಸಂಘದ ಕಾರ್ಯದರ್ಶಿ ಮೇಡಂ, "ಅದನ್ನ ನೀವು ಹೇಳ್ಬೇಕು, ಡ್ರೋನ್ ನಿಮ್ದು," ಎಂದರು.

ಕೊನೆಗೆ ನಾಯಿಗಳಿಗೆ ಪಾಠ ಹೇಳುವ ಒಬ್ಬ ಟ್ರೇನರ್ ದಾರಿ ತೋರಿಸಿದರು. "ನಾಯಿಗೆ ಗೊತ್ತಿಲ್ಲದ ವಸ್ತು ಕಂಡ್ರೆ ಭಯ ಸಾರ್. ಮೊದಲು ಪರಿಚಯ ಮಾಡಿಸಿ. ಒಂದ್ಸಲ ಮೂಸಿಬಿಟ್ರೆ ಮುಗೀತು."

ಡ್ರೋನನ್ನು ಹುಲ್ಲಿನ ಮೇಲಿಟ್ಟು ಪಕ್ಕದಲ್ಲಿ ನಿಂತೆ. ಹನ್ನೆರಡು ನಾಯಿಗಳು ಸಾಲಾಗಿ ಬಂದವು. ಮೇಡಂ ನಾಯಿಗೆ ಇಂಗ್ಲಿಷಿನಲ್ಲೂ ನನಗೆ ಕನ್ನಡದಲ್ಲೂ ವಿವರಿಸುತ್ತಿದ್ದರು. ನಾಯಿಗೆ ಅರ್ಥವಾಗುತ್ತಿತ್ತು. ಹನ್ನೊಂದು ನಾಯಿಗಳು ಮರ್ಯಾದೆಯಾಗಿ ಮೂಸಿ ಮುಂದೆ ಹೋದವು. ಹನ್ನೆರಡನೆಯದು ಮೂಸಿತು, ಒಂದು ಸುತ್ತು ಬಂತು, ಯೋಚಿಸಿತು, ಆಮೇಲೆ ಹಿಂಗಾಲು ಎತ್ತಿತು.

ಎರಡು ದಿನ ಬಿಟ್ಟು ಯಜಮಾನರ ಫೋನು. "ಒಳಗೆ ನೀರು ಹೋಗಿದೆ ಅಂತಿದಾರಲ್ಲೋ ರಿಪೇರಿಯವರು. ಮಳೆ ಬಂತಾ?"

"ಇಲ್ಲ ಸಾರ್."

"ನೀರಿನ ಟ್ಯಾಂಕಿಗೆ ಬೀಳಿಸಿದ್ಯಾ?"

"ಇಲ್ಲ ಸಾರ್. ಪರಿಚಯ ಮಾಡಿಸಿದೆ."

೩. ಬಿಸ್ಕತ್ತು

ಇನ್ನು ರಿಪೇರಿಯ ಲೆಕ್ಕ ಮುಗಿದಿತ್ತು. ಮುಂದಿನದು ಏಣಿಯೇ. ಅಂಥ ಹೊತ್ತಿನಲ್ಲಿ ಸಿಕ್ಕಿದ್ದು ಟಿ. ದಾಸರಹಳ್ಳಿಯ ಹಿಂದೆ ಐದು ಶೆಡ್ಡುಗಳ ಕೆಲಸ, ದಿನಕ್ಕೊಂದರಂತೆ. ಶೆಡ್ಡುಗಳು ಊರಿನ ಹಳೇ ಮನೆತನದ ಒಬ್ಬ ಅಜ್ಜಿಯವು. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಶೆಡ್ಡು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆದಾರರ ಜೊತೆಗೆ ಅಲ್ಲಿ ಹದಿನಾಲ್ಕು ಬೀದಿನಾಯಿಗಳೂ ಇದ್ದವು. ಅಜ್ಜಿ ದಿನಾ ಅವಕ್ಕೆ ಮುದ್ದೆ ಹಾಕುತ್ತಿದ್ದರು.

ಈ ಸಲ ನಾನೇ ಒಂದು ಉಪಾಯ ಹೂಡಿದೆ. ಡ್ರೋನ್ ಇಳಿಸುವ ಮುಂಚೆ ಒಂದು ಪೊಟ್ಟಣ ಬಿಸ್ಕತ್ತನ್ನು ಗೇಟಿನ ಕಡೆಗೆ ಎರಚುವುದು, ನಾಯಿಗಳು ಅತ್ತ ಓಡಿದಾಗ ಇತ್ತ ಇಳಿಸಿಬಿಡುವುದು. ಮೂರು ದಿನ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು. ಇಷ್ಟು ಸುಲಭದ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನನ್ನ ಮೇಲೆ ನನಗೇ ಬೇಸರವಾಯಿತು.

ನಾಲ್ಕನೇ ದಿನ ಡ್ರೋನು ಗುಂಯ್ ಎಂದಿದ್ದೇ ತಡ, ಎಲ್ಲೆಲ್ಲಿಂದಲೋ ಓಡಿ ಬಂದು ಹದಿನಾಲ್ಕೂ ನನ್ನ ಸುತ್ತ ಕೂತು ಆಕಾಶ ನೋಡತೊಡಗಿದವು. ಆ ಸದ್ದಾದರೆ ಬಿಸ್ಕತ್ತು ಬರುತ್ತದೆ ಎಂದು ಅವಕ್ಕೆ ಕಲಿಸಿದವನು ನಾನೇ ಎಂಬುದು ಆಗ ಹೊಳೆಯಿತು. ಒಂದಲ್ಲ, ನಾಲ್ಕು ಪೊಟ್ಟಣ ಎರಚಿ ಹೇಗೋ ಇಳಿಸಿದೆ.

ಅಜ್ಜಿ ಜಗಲಿಯಿಂದ ಎಲ್ಲವನ್ನೂ ನೋಡುತ್ತಿದ್ದರು. "ಅಲ್ಲ ಕಣಪ್ಪಾ, ನಾಯಿಗೆ ಬಿಸ್ಕತ್ ಆಕಾಕೆ ಇಮಾನ ಬೇಕೇನಪ್ಪಾ? ನಾನು ತಟ್ಟೆ ಬಡೀತೀನಿ, ಬತ್ತವೆ."

ಐದನೇ ದಿನ ಬೆಳಿಗ್ಗೆ ಹೋದರೆ ಒಂದೂ ನಾಯಿ ಇಲ್ಲ. ನನ್ನ ಪುಣ್ಯ ಎಂದುಕೊಂಡೆ. ಅಜ್ಜಿ ಹೇಳಿದರು: "ಇಂದ್ಲ ಬೀದಿ ಛತ್ರದಾಗೆ ಮದುವೆ. ಫೋಟೋದೋರು ಇಂಗೇ ಒಂದು ಇಮಾನ ಬಿಟ್ಟವ್ರೆ. ನಿನ್ನ ಸಿಸ್ಯರೆಲ್ಲಾ ಮೂರ್ತಕ್ಕೆ ಓಗವ್ರೆ."

೪. ಇಳಿಯುವುದು

ಈ ಸಂತೋಷದಲ್ಲಿ ಐದನೇ ಶೆಡ್ಡಿನ ಮೇಲೆ ಡ್ರೋನ್ ಹಾರಿಸಿದೆ. ನಾಯಿಗಳಿಲ್ಲದ ಮೇಲೆ ಬಿಸ್ಕತ್ತು ಯಾಕೆಂದು ಅಂಗಡಿಗೂ ಹೋಗಿರಲಿಲ್ಲ. ಛತ್ರದವರು ಓಡಿಸಿದರೋ ಏನೋ, ಕಾಲು ಗಂಟೆಯಲ್ಲಿ ಹದಿನಾಲ್ಕೂ ವಾಪಸ್ಸು ಬಂದು ನನ್ನ ಸುತ್ತ ಕೂತವು. ಒಂದರ ಮೂತಿಯ ಮೇಲೆ ಅರಿಶಿನದ ಅಕ್ಕಿಕಾಳು ಇತ್ತು.

ಬ್ಯಾಟರಿ ಇಪ್ಪತ್ತಕ್ಕೆ ಬಂದಿತ್ತು. ನಾನು ಎಡಕ್ಕೆ ಸರಿದರೆ ಅವೂ ಎಡಕ್ಕೆ, ಬಲಕ್ಕೆ ಸರಿದರೆ ಅವೂ ಬಲಕ್ಕೆ. ಡ್ರೋನ್ ತಲೆಯೆತ್ತರಕ್ಕೆ ಇಳಿದರೆ ಸಾಕು, ಎಲ್ಲವೂ ಒಟ್ಟಿಗೆ ನೆಗೆಯುತ್ತಿದ್ದವು. ತಿರುಗುವ ರೆಕ್ಕೆಗೆ ಯಾವುದರ ಮೂತಿ ಸಿಕ್ಕೀತೋ ಎಂದು ಹೆದರಿ ಮತ್ತೆ ಮೇಲೆತ್ತುತ್ತಿದ್ದೆ. "ಗೇಟ್ ಕಡೆ ಓಡಿ ಸಾರ್!" ಎಂದು ಶೆಡ್ಡಿನ ಕೆಲಸದವನು ಕೂಗಿದ. "ಓಡಬ್ಯಾಡ ಕಣಪ್ಪಾ, ಕುಂತ್ಕೋ!" ಎಂದು ಅಜ್ಜಿ ಕೂಗಿದರು. ಇಬ್ಬರ ಮಾತನ್ನೂ ಕೇಳಲು ಹೋಗಿ ನಾನು ಕುಕ್ಕರಗಾಲಿನಲ್ಲಿ ಓಡಿದೆ. ಹಾಗೆ ಯಾಕೆ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ. ಬ್ಯಾಟರಿ ಹತ್ತು. ರಿಮೋಟು ಬೀಪ್ ಬೀಪ್ ಎಂದು ಅಳತೊಡಗಿತು, ಅದಕ್ಕೆ ನಾಯಿಗಳೂ ಊಳಿಟ್ಟವು.

ಇನ್ನು ಆಗದೆಂದು, ಶೆಡ್ಡಿನ ಪಕ್ಕದ ಶೌಚಾಲಯದ ಸಿಮೆಂಟ್ ತಾರಸಿಯ ಮೇಲೆ ಹೂವಿನ ಹಾಗೆ ಇಳಿಸಿಬಿಟ್ಟೆ. ಒಂದು ಗೀರೂ ಬೀಳಲಿಲ್ಲ, ಯಾವ ನಾಯಿಗೂ ಏನೂ ಆಗಲಿಲ್ಲ. ಆನಂದಕ್ಕೆ ಕಣ್ಣಲ್ಲಿ ನೀರು ಬಂತು. ಆಮೇಲೆ ನೋಡಿದರೆ ಆ ತಾರಸಿಗೆ ಮೆಟ್ಟಿಲಿಲ್ಲ.

"ಅದಕ್ಯಾಕೆ ಯೋಚ್ನೆ?" ಎಂದರು ಅಜ್ಜಿ. "ಏಣಿ ಐತೆ."

ಬಿದಿರಿನ ಏಣಿ, ಹನ್ನೊಂದು ಮೆಟ್ಟಿಲು. ಯಾವ ಏಣಿಗೆ ಹೆದರಿ ಡ್ರೋನನ್ನು ಕಣ್ಣಿನ ಹಾಗೆ ಕಾಪಾಡಿದೆನೋ, ಅದೇ ಡ್ರೋನಿಗಾಗಿ ಏಣಿ ಹತ್ತಿದೆ. ಏಳನೇ ಮೆಟ್ಟಿಲಿನಲ್ಲಿ ಮನೆದೇವರ ಹೆಸರನ್ನು ಜೋರಾಗಿಯೇ ಕೂಗಿದೆನಂತೆ. ಮೇಲೆ ತಲುಪಿ ಡ್ರೋನನ್ನು ಎದೆಗೆ ಅವಚಿಕೊಂಡು ಕೆಳಗೆ ನೋಡಿದೆ. ಬಿಸ್ಕತ್ತು ತರಲೆಂದೇ ನಾನು ಮೇಲೆ ಹೋಗಿದ್ದೇನೆ ಎಂದು ನಂಬಿ ಹದಿನಾಲ್ಕೂ ಏಣಿಯ ಬುಡದಲ್ಲಿ ಬಾಲ ಅಲ್ಲಾಡಿಸುತ್ತಿದ್ದವು. ಒಂದಂತೂ ಮೂರನೇ ಮೆಟ್ಟಿಲಿಗೆ ಕಾಲಿಟ್ಟು ಕಾಯುತ್ತಿತ್ತು. ಅವನ್ನು ಅತ್ತ ಸೆಳೆಯಲೆಂದು ಅಜ್ಜಿ ಮುದ್ದೆ ತರಲು ಮನೆಗೆ ಹೋಗಿದ್ದರು. ಮುದ್ದೆ ಇನ್ನೂ ಬೆಂದಿರಲಿಲ್ಲ.

ಅಷ್ಟರಲ್ಲಿ ಯಜಮಾನರ ಫೋನು. "ಏನೋ, ಕೆಲಸ ಮುಗೀತಾ? ಡ್ರೋನ್ ಸರಿಯಾಗಿ ಇಳೀತಾ?"

"ಡ್ರೋನ್ ಸೇಫಾಗಿ ಇಳಿದಿದೆ ಸಾರ್," ಎಂದೆ. "ನಾನಿನ್ನೂ ಇಳಿದಿಲ್ಲ."