ಅಮ್ಮನ ಹ್ಯಾಂಡಲ್ಲು, ಅಟ್ಟದ ಕಾಯಿ

ಊರವರ ಮನೆಗೆಲ್ಲ ನಲ್ಲಿ, ಚಿಲಕ ಮಾರುವವನ ಸ್ವಂತ ಮನೆಯಲ್ಲೇ ಇಂಥವು ನಡೆಯುತ್ತಿರುತ್ತವೆ. ತಿಪಟೂರಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಸುಮ್ಮನೆ ನೋಡಿ ಹೋಗೋಣ ಎಂದು ಬಂದವರಿಗೂ ಎರಡು ಬೀಗ ಕಟ್ಟಿ ಕಳಿಸಿದವನು. ಸೋತದ್ದು ಒಬ್ಬ ಗಿರಾಕಿಯ ಹತ್ತಿರ ಮಾತ್ರ, ನನ್ನ ಅಮ್ಮನ ಹತ್ತಿರ.

ಅಮ್ಮನಿಗೆ ಎಂಬತ್ತರ ಹತ್ತಿರ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಳು. ಪುಣ್ಯಕ್ಕೆ ಮೂಳೆ ಉಳಿಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಬಿದ್ರೆ ಹಾಸಿಗೇನೇ ಗತಿ" ಎಂದು ಪಿಸುಗುಟ್ಟಿದರು. ಅಮ್ಮನ ಕಿವಿ ಚುರುಕು. ದಾರಿಯಲ್ಲೇ ಹೇಳಿದಳು:

"ನನ್ನ ಕೈ ಹಿಡ್ಕೊಂಡು ಓಡಾಡ್ಸಕ್ಕೆ ಯಾರನ್ನೂ ಇಡಬೇಡ. ನನ್ನ ಕೆಲಸ ನಾನೇ ಮಾಡ್ಕೊಳ್ಳೋ ಹಂಗೆ ಮನೇನ ಮಾಡು."

ಆರ್ಡರ್ ಬಂತು. ಮಾಡಿಯೇ ತೀರುತ್ತೇನೆ ಅಂದುಕೊಂಡೆ.

ಹ್ಯಾಂಡಲ್

ಅಂಗಡಿಯಿಂದ ಆರು ಸ್ಟೀಲ್ ಹ್ಯಾಂಡಲ್ ತಂದೆ. ಪ್ಲಂಬರ್ ಬಂದು ಬಚ್ಚಲ ಗೋಡೆಗೆ ನಾಲ್ಕು ಬಿಗಿದ. ಎರಡು ಉಳಿದವು. ಮಾರನೇ ದಿನ ನೋಡಿದರೆ ನಾಲ್ಕರ ಮೇಲೂ ಒದ್ದೆ ಸೀರೆ. ಅಮ್ಮ ಎಂದಿನಂತೆ ನಲ್ಲಿ ಹಿಡಿದು ಏಳುತ್ತಿದ್ದಾಳೆ.

"ಅಮ್ಮ, ಅದು ಹಿಡ್ಕೊಳ್ಳಕ್ಕೆ ಹಾಕ್ಸಿರೋದು."

"ಹಿಡ್ಕೊಂಡಿದೆಯಲ್ಲಪ್ಪ. ಒಂದು ಸೀರೇನೂ ಕೆಳಗೆ ಬಿದ್ದಿಲ್ಲ."

ಇಳಿಜಾರು

ಮುಂಬಾಗಿಲಿಗೆ ಎರಡು ಮೆಟ್ಟಿಲು, ಆಮೇಲೆ ಗೇಣೆತ್ತರದ ಹೊಸಿಲು. ಹೊಸಿಲು ಕೊಯ್ಸೋಣ ಅಂದೆ.

"ನನ್ನ ಕಾಲು ಬೇಕಾದ್ರೆ ಕೊಯ್ಸು, ಹೊಸಿಲು ಮುಟ್ಟಬೇಡ."

ಸರಿ, ಮೆಟ್ಟಿಲ ಮೇಲೆ ಸಿಮೆಂಟು ಸುರಿಸಿ, ಹೊಸಿಲ ಮಟ್ಟಕ್ಕೆ ಇಳಿಜಾರು ಮಾಡಿಸಿದೆ. ಜಾರದಿರಲೆಂದು ಗೀರು ಹಾಕಿಸಿದೆ. ಮೂರನೇ ದಿನ ಅಂಗಡಿಗೆ ಹೆಂಡತಿಯ ಫೋನು.

"ರೀ, ಹಸ ನಡುಮನೇಲಿ ನಿಂತೈತೆ. ದೇವರ ಹೂವೆಲ್ಲ ತಿಂದು ಟೀವಿ ನೋಡ್ತೈತೆ."

ಇಷ್ಟು ವರ್ಷ ಅಂಗಳ ಬಿಟ್ಟು ಮೇಲೆ ಬರದ ಮುದಿ ಹಸು ಅದು. ನಾನು ಓಡಿ ಬಂದರೆ ಅಮ್ಮ ಅದರ ಬೆನ್ನು ಸವರುತ್ತಿದ್ದಾಳೆ.

"ಬುಡು, ಬಯ್ಯಬೇಡ. ಪಾಪ, ಅವಳಿಗೂ ಮಂಡಿ ನೋವು ಕಣೋ. ಈಗ ಅನುಕೂಲ ಆಯ್ತು."

ಅಟ್ಟ

ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಒಣಗಿಸುತ್ತೇವೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ನೀರು ಕುಲುಕಿದರೆ ಇನ್ನೂ ಕಾಯಿ, ಗಡಗಡ ಅಂದರೆ ಕೊಬ್ಬರಿ. ಆ ಸದ್ದು ಕೇಳುವ ಕೆಲಸ ಐವತ್ತು ವರ್ಷದಿಂದ ಅಮ್ಮನದು. ಬಿದ್ದ ಮೇಲೂ ಏಣಿ ಹತ್ತುವುದು ಬಿಡಲಿಲ್ಲ. ಹೇಳಿ ಪ್ರಯೋಜನವಿಲ್ಲವೆಂದು ಏಣಿಯನ್ನೇ ಅಂಗಡಿಗೆ ಸಾಗಿಸಿದೆ. ಎರಡು ವಾರ ಅಮ್ಮ ಸುಮ್ಮನಿದ್ದಳು. ಗೆದ್ದೆ ಅಂದುಕೊಂಡೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೇನೆ, ತಲೆಯ ಮೇಲೆ ಗಡಗಡ. ಎದ್ದು ಹೋದರೆ ಅಟ್ಟಕ್ಕೆ ಪಕ್ಕದ ಮನೆಯ ಏಣಿ ಒರಗಿದೆ. ಅಟ್ಟದ ಬಾಯಿಯ ಎರಡೂ ಬದಿಗೆ ಉಳಿದಿದ್ದ ಎರಡು ಹ್ಯಾಂಡಲ್ ಬಿಗಿದು ಕೂತಿವೆ. ಪ್ಲಂಬರಿಗೆ ಫೋನು ಹಚ್ಚಿದೆ.

"ಸಾವ್ಕಾರ್ರೇ ಹೇಳವ್ರೆ ಅಂತ ಅಜ್ಜಿ ಅಂದ್ರು" ಎಂದ.

ಮೇಲಿಂದ ಅಮ್ಮ: "ಬೀಳೋ ಕಡೆಯೆಲ್ಲ ಹಾಕ್ಸಬೇಕು ಅಂತ ನೀನೇ ಹೇಳಿದ್ದಲ್ವಾ? ಇಲ್ಲಿಂದ ಬೀಳ್ತೀಯ ಅಂದೋನೂ ನೀನೇ."

ಅಮ್ಮನನ್ನು ಕೆಳಗಿಳಿಸಿ ವ್ಯಾಪಾರಕ್ಕೆ ಕೂತೆ. "ನೀನು ಅಟ್ಟಕ್ಕೆ ಹೋಗಬೇಡ, ಅಟ್ಟಾನೇ ನಿನ್ನ ಹತ್ರ ಬರೋ ಹಂಗೆ ಮಾಡ್ತೀನಿ."

"ಯಾರು ಇಳಿಸ್ತಾರೆ?"

"ನಾನೇ. ವಾರ ವಾರ, ರಜೆ ದಿನ."

"ಆಗಲಿ. ಒಂದು ವಾರ ತಪ್ಪಿದ್ರೂ ನಾನೇ ಹತ್ತೋದು" ಅಂದಳು.

ಅಂಗಡಿಯಿಂದ ರಾಟೆ, ಹಗ್ಗ, ಕುಕ್ಕೆ ತಂದೆ. ರಜೆಯ ದಿನ ಅಮ್ಮ ಕೆಳಗೆ ಕೈಯಿರುವ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು. ನಾನು ಏಣಿ ಹತ್ತಿ ಕುಕ್ಕೆ ತುಂಬಿ ಇಳಿಬಿಟ್ಟೆ. ಅಮ್ಮ ಒಂದೊಂದನ್ನೇ ಅಲ್ಲಾಡಿಸಿ ಬಲಕ್ಕೆ, ಎಡಕ್ಕೆ ಹಾಕಿದಳು. ಐದನೇ ಕುಕ್ಕೆ ಇಳಿಸುವಷ್ಟರಲ್ಲಿ ನನ್ನ ಕೆಲಸ ಚೊಕ್ಕ. ಅಮ್ಮನ ಕಾಲು ನೆಲ ಬಿಟ್ಟಿರಲಿಲ್ಲ.

ಇಳಿಯೋಣವೆಂದು ಏಣಿಯ ಮೊದಲ ಮೆಟ್ಟಿಲಿಗೆ ಕಾಲು ಚಾಚಿದೆ, ಸಿಗಲಿಲ್ಲ. ನನಗೂ ಅರವತ್ತು. ಸೊಂಟ ಅರ್ಧಕ್ಕೆ ಹಿಡಿದುಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಅಮ್ಮ ಕಿವಿಯ ಹತ್ತಿರದ ಕಾಯಿ ತೆಗೆಯದೆಯೇ ತಲೆಯೆತ್ತಿದಳು.

"ನಿಧಾನ ಕಣಪ್ಪ. ಆ ಹ್ಯಾಂಡಲ್ ಹಿಡ್ಕೊ. ಅದರ ಮೇಲೆ ನಾನು ಸೀರೆ ಹಾಕಿಲ್ಲ."